ಭಯ ಅಲ್ಲ, ಅಂಜಿಕಿ

ಬಾಗಿಲ ಬೆಲ್ ಹೊಡೆದರೆ ನಾನು ಈಗಲೂ ತಕ್ಷಣ ತೆಗೆಯುವುದಿಲ್ಲ. ಮೊದಲು ಕಿಟಕಿಯ ಬ್ಲೈಂಡ್ಸ್ ಸಂದಿಯಿಂದ ನೋಡುತ್ತೇನೆ. ಪಾರ್ಸೆಲ್ ತಂದವನೋ, ಪಕ್ಕದ ಮನೆಯವಳೋ ಎಂದು ಖಾತ್ರಿಯಾದ ಮೇಲೆಯೇ ಚಿಲಕಕ್ಕೆ ಕೈ. ನಮ್ಮ ಮನೆಯವರು ನಗುತ್ತಾರೆ. ನಗಲಿ ಬಿಡಿ. ಒಂದು ಸಂಜೆ ಅವರೂ ನಗದೆ ಕೂತಿದ್ದನ್ನು ನಾನು ನೋಡಿದ್ದೇನೆ.

ನಾನು ಗದಗಿನವಳು. ಅಲ್ಲಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದೆ. ಮೈಸೂರಿನವರನ್ನು ಮದುವೆಯಾಗಿ, ಅವರ ವೀಸಾದ ಬಾಲ ಹಿಡಿದು ಅಮೆರಿಕದ ಟೆಕ್ಸಾಸಿನ ರೌಂಡ್ ರಾಕಿಗೆ ಬಂದೆ. ಅವರಿಗೆ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ನನಗೆ ಇಲ್ಲಿ ಬದುಕಲು ಅನುಮತಿ ಇತ್ತು, ಕೆಲಸ ಮಾಡಲು ಇರಲಿಲ್ಲ. ಹೆಂಡತಿಯಾಗಿ ಬಂದವಳು ಎಲ್ಲಾದರೂ ಕೆಲಸ ಮಾಡಿದ್ದು ಗೊತ್ತಾದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿಗೂ ಕುತ್ತು, ಮನೆ ಮಠ ಬಿಟ್ಟು ವಾಪಸ್ಸು ಎಂದು ಎಲ್ಲರೂ ಹೇಳುತ್ತಿದ್ದರು. ಯಾವುದು ಕೆಲಸ, ಯಾವುದು ಅಲ್ಲ ಎಂದು ಮಾತ್ರ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಮಗುವನ್ನು ಅರ್ಧ ಗಂಟೆ ನೋಡಿಕೊಂಡರೆ ಕೆಲಸವೇ? ಯಾರಿಗೋ ಕೇಕ್ ಮಾಡಿಕೊಟ್ಟರೆ? ಇಂಥದ್ದನ್ನೆಲ್ಲ ಯೋಚಿಸಿ ಯೋಚಿಸಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಈ ಹೆದರಿಕೆಗೆ ನೀರೆರೆಯುವವರೊಬ್ಬರು ಡಾಲಸ್ ಪಕ್ಕದ ಪ್ಲೇನೋದಲ್ಲಿದ್ದರು. ಕನ್ನಡದವರ ಕೂಟದ ಹಿರಿಯರು, ಎಲ್ಲರಿಗೂ ಅಂಕಲ್. ಹಬ್ಬಕ್ಕೆ ಡಾಲಸ್ ಕಡೆ ಹೋದಾಗಲೆಲ್ಲ ಊಟದ ತಟ್ಟೆ ಕೈಯಲ್ಲಿ ಹಿಡಿದೇ ವೀಸಾ ಪುರಾಣ ಶುರು ಮಾಡುವರು. “ಪಾಪ, ಆ ಹುಡುಗಿ ಮನೇಲಿ ಕೂತು ಫ್ರೆಂಡ್ಸ್‌ಗೆ ಐಬ್ರೋ ಮಾಡ್ಕೊಡ್ತಿದ್ಲು, ಅಷ್ಟೇನಮ್ಮ. ಯಾರೋ ಹೋಗಿ ಕಂಪ್ಲೇಂಟ್ ಮಾಡಿದ್ರು. ಗಂಡನ ಫೈಲ್ ಓಪನ್ ಆಯ್ತು ನೋಡಿ. ಆಮೇಲೆ ಪ್ಯಾಕಪ್.” ನಿಜವೋ ಸುಳ್ಳೋ ದೇವರಿಗೇ ಗೊತ್ತು. ನಾನಂತೂ ತಟ್ಟೆಯ ಪಾಯಸ ಅಲ್ಲೇ ಬಿಟ್ಟು ಏಳುತ್ತಿದ್ದೆ.

ಇದೇ ಅಂಕಲ್ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು, ಯುಗಾದಿಗೆ ನಾಟಕ ಆಡಿಸುತ್ತಿದ್ದರು. ನನಗೆ ಪ್ರತಿ ಸಲವೂ ಮನೆಗೆಲಸದವಳ ಪಾರ್ಟು. ಒಮ್ಮೆ ಧೈರ್ಯ ಮಾಡಿ ಬೇರೆ ಪಾರ್ಟು ಕೇಳಿದೆ. “ನಿಮ್ಮ ಕಡೆ ಕನ್ನಡಕ್ಕೆ ಅದೇ ಸೂಟ್ ಆಗೋದಮ್ಮ. ಹೀರೋಯಿನ್ ನಿಂತ್ಕೊಂಡು ‘ಅಂಜಿಕಿ’ ಅಂದ್ರೆ ಜನ ನಗ್ತಾರೆ. ‘ಭಯ’ ಅನ್ನಿ, ‘ಹೆದರಿಕೆ’ ಅನ್ನಿ. ಶುದ್ಧವಾಗಿರತ್ತೆ,” ಎಂದರು. ಹೊಟ್ಟೆ ಉರಿದುಹೋಯಿತು. ಆದರೂ ಅದೇ ಪಾರ್ಟು ಮಾಡಿದೆ. ಅಷ್ಟೇ ಅಲ್ಲ, ಅವತ್ತಿನಿಂದ ಮನೆಯ ಹೊರಗೆ ಮೈಸೂರು ಕನ್ನಡವನ್ನೇ ಆಡತೊಡಗಿದೆ. ನನ್ನ ಮಾತು ಮನೆಯೊಳಗೆ, ಅಮ್ಮನ ಜೊತೆ ಫೋನಿನಲ್ಲಿ ಮಾತ್ರ ಉಳಿಯಿತು.

ಆಗಷ್ಟೇ ಸ್ಕೂಲಿಗೆ ಸೇರಿದ್ದ ಮಗಳನ್ನು ನಾನು ವಾರಕ್ಕೊಮ್ಮೆ ಲೈಬ್ರರಿಗೆ ಕರೆದುಕೊಂಡು ಹೋಗುತ್ತಿದ್ದೆ. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಒಂದು ದಿನ ಅದನ್ನು ಕೇಳಿಸಿಕೊಂಡ ಯುವತಿಯೊಬ್ಬಳು ಹತ್ತಿರ ಬಂದು ಅದು ಯಾವ ಭಾಷೆ ಎಂದಳು. ಕನ್ನಡ ಎಂದ ಕೂಡಲೇ ಅವಳ ಮುಖ ಅರಳಿತು. ಪಕ್ಕದ ಆಸ್ಟಿನ್ನಿನವರು ಒಂದು ಸಣ್ಣ ಸಿನಿಮಾ ತೆಗೆಯುತ್ತಿದ್ದಾರಂತೆ. ಒಬ್ಬ ಇಂಗ್ಲಿಷ್ ಮುದುಕಿಯ ಕಥೆ. ಚಿಕ್ಕವಳಿದ್ದಾಗಿಂದ ಕರ್ನಾಟಕದ ಮಿಷನ್ ಶಾಲೆಯಲ್ಲಿ ಬೆಳೆದು, ಅಲ್ಲೇ ಪಾಠ ಹೇಳಿ, ವಯಸ್ಸಾದ ಮೇಲೆ ಹ್ಯೂಸ್ಟನ್ನಿನ ಮಗಳ ಮನೆಗೆ ಬಂದವಳು. ಪಾರ್ಶ್ವವಾಯು ಬಡಿದು ಅವಳ ಇಂಗ್ಲಿಷ್ ಪೂರ್ತಿ ಅಳಿಸಿಹೋಗುತ್ತದೆ, ಕನ್ನಡ ಒಂದೇ ಉಳಿಯುತ್ತದೆ. ಮಗಳಿಗೆ ತಾಯಿಯ ಮಾತು ತಿಳಿಯುವುದಿಲ್ಲ. ಆ ಮುದುಕಿಯ ಪಾರ್ಟಿಗೆ ಬ್ರಿಟನ್ನಿನಿಂದ ನಟಿಯೊಬ್ಬರು ಬಂದಿದ್ದಾರೆ, ಅವರಿಗೆ ಕನ್ನಡ ಹೇಳಿಕೊಡುತ್ತೀರಾ ಎಂದಳು.

ಆ ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಹೇಳಿದೆ. ಅವರು ಚಪಾತಿ ಕೆಳಗಿಟ್ಟರು. “ಬೇಡ ಕಣೇ. ಯಾಕೆ ಬೇಕು ರಿಸ್ಕು?”

“ರೊಕ್ಕಾ ತಗೋಳಂಗಿಲ್ಲರಿ. ಸುಮ್ನ ಮಾತಾಡಿ ಬರ್ತೀನಿ.”

“ದುಡ್ಡು ಮುಟ್ಟದೇ ಇದ್ರೂ ಕೆಲಸ ಅಂದ್ರೆ?”

ಬೇಡವೆನ್ನುವುದೇ ಸರಿ ಎಂದು ನನಗೂ ಗೊತ್ತಿತ್ತು. ಆದರೆ ಈ ದೇಶಕ್ಕೆ ಬಂದ ಮೇಲೆ ಯಾರೂ ನನಗೆ ಗೊತ್ತಿರುವುದೇನನ್ನೂ ಕೇಳಿರಲಿಲ್ಲ. ಒಂದು ವಾರ ಮುಖ ಊದಿಸಿಕೊಂಡು ಓಡಾಡಿದೆ. ಕೊನೆಗೆ ಅವರೇ, “ಎಲ್ಲೂ ಹೆಸರು ಬರಬಾರದು, ಫೋಟೋಗೆ ನಿಲ್ಲಬಾರದು, ಅಷ್ಟೇ,” ಎಂದರು.

ಮಗಳು ಸ್ಕೂಲಿಗೆ ಹೋದ ಮೇಲೆ ಡ್ರೈವ್ ಮಾಡಿಕೊಂಡು ಆಸ್ಟಿನ್ನಿಗೆ ಹೋಗುತ್ತಿದ್ದೆ. ನಟಿಗೆ ಬಾಡಿಗೆ ಹಿಡಿದುಕೊಟ್ಟ ಮನೆಯ ಮುಂದೆ ಕಾರು ನಿಲ್ಲಿಸುತ್ತಿರಲಿಲ್ಲ, ಎರಡು ಬೀದಿ ಆಚೆ ನಿಲ್ಲಿಸಿ ನಡೆಯುತ್ತಿದ್ದೆ. ಹಿಂದೆ ಪೊಲೀಸ್ ಕಾರು ಕಂಡರೆ ಪಕ್ಕದ ಬೀದಿಗೆ ತಿರುಗಿಬಿಡುತ್ತಿದ್ದೆ. ಒಂದು ಸಲ ಬರಿಯ ಅಂಚೆಯವನನ್ನು ಕಂಡು ಪೊದೆಯ ಹಿಂದೆ ನಿಂತೆ. ಈಗ ನಗು ಬರುತ್ತದೆ. ಅವತ್ತು ಜೀವ ಬಾಯಿಗೆ ಬಂದಿತ್ತು.

ಆ ನಟಿಗೆ ಎಪ್ಪತ್ತು ದಾಟಿತ್ತು. ಉದ್ದಕ್ಕೆ, ಸಣ್ಣಗೆ, ಕೂದಲು ಗಂಡಸರ ಹಾಗೆ ಕತ್ತರಿಸಿದ್ದು. ಮಾತಾಡುವ ಮುಂಚೆ ಒಂದು ಕೈ ಗಂಟಲಿಗೆ ಹೋಗುತ್ತಿತ್ತು, ಮಾತು ಹೊರಬರುವ ಮೊದಲು ತಡವಿ ನೋಡುವ ಹಾಗೆ. ಬಾಯಿ ತೆರೆದರೆ ರಾಣಿಯ ಇಂಗ್ಲಿಷು. ಮೊದಲ ದಿನ ನಾನು ಹೆದರಿ ಯೆಸ್ ಮೇಡಂ, ನೋ ಮೇಡಂ ಎನ್ನುತ್ತಲೇ ಕಳೆದೆ.

ಕಿವಿ ಮಾತ್ರ ಎಂಥದ್ದು! ಒಮ್ಮೆ ಕೇಳಿದ್ದನ್ನು ಹಾಗೆಯೇ ತಿರುಗಿ ಕೊಡುತ್ತಿದ್ದಳು. ಳ, ಣ ಎಲ್ಲ ಸಲೀಸು. ನಾನು ಕಲಿಸಿದ್ದು ಶುದ್ಧ ಕನ್ನಡ, ಅಂಕಲ್ ಮೆಚ್ಚುವಂಥದ್ದು. ಎಲ್ಲ ಬಂತು, ಕಥೆಯ ಕೊನೆಯ ಒಂದು ಮಾತು ಬರಲಿಲ್ಲ. ಮಗಳು ತಾಯಿಯನ್ನು ಮನೆಯಿಂದ ಬೇರೆ ಕಡೆ ಕಳಿಸಲು ಹೊರಟಾಗ ಮುದುಕಿ ಹೇಳುವ ಮಾತು ಅದು. “ನನಗೆ ಭಯ ಆಗ್ತಿದೆ. ನನ್ನನ್ನು ಕಳಿಸಬೇಡಿ.” ಉಚ್ಚಾರ ಸರಿಯಿತ್ತು. ಆದರೂ ಆಕೆ ತಲೆ ಕೊಡವುವಳು. ಬಾಯಿಂದ ಬರುತ್ತದೆ, ಹೊಟ್ಟೆಯಿಂದ ಬರುವುದಿಲ್ಲ ಎನ್ನುವಳು. ನನಗೆ ಸಿಟ್ಟು ಬರುತ್ತಿತ್ತು. ಕನ್ನಡ ನನ್ನದು, ಸರಿ ಇದೆ ಎಂದು ನಾನು ಹೇಳಿದ ಮೇಲೆ ಈಕೆಯದೇನು?

ಪಾಠ ಮುಗಿದ ಮೇಲೆ ಚಹಾ. ನಾನು ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿಪುಡಿ ಆಕೆಗೆ ಹಿಡಿಸಿಬಿಟ್ಟಿತ್ತು. ಹಾಗೆ ತಿನ್ನುತ್ತ ತನ್ನ ಬದುಕನ್ನು ತುಂಡು ತುಂಡಾಗಿ ಹೇಳಿದಳು. ಹುಟ್ಟಿದ್ದು ಇಂಗ್ಲೆಂಡಿನ ಉತ್ತರದ ಒಂದು ಮೀನುಗಾರರ ಊರಿನಲ್ಲಿ. ತಾಯಿ ಬಂದರಿನಲ್ಲಿ ಮೀನು ಸೀಳುವ ಕೆಲಸದವಳು. ಲಂಡನ್ನಿನ ನಾಟಕ ಶಾಲೆಯಲ್ಲಿ ಸೀಟು ಸಿಕ್ಕಿತು. ಆಮೇಲೆ ಟೆಲಿವಿಷನ್. ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗುವ ನರ್ಸ್ ಆಗಿ ವರ್ಷಗಟ್ಟಲೆ ಒಂದೇ ಧಾರಾವಾಹಿ, ಅಂಗಡಿಗೆ ಹೋದರೆ ಜನ ತಮ್ಮ ಮೊಣಕಾಲು ನೋವು ಹೇಳಿಕೊಳ್ಳುತ್ತಿದ್ದರಂತೆ. ನಂತರ ಸಿನಿಮಾಗಳು, ದೊಡ್ಡಮನೆಯ ಹೆಂಗಸರ ಪಾರ್ಟುಗಳು. ಐವತ್ತು ದಾಟಿದ ಮೇಲೆ ಫೋನ್ ಬರುವುದು ಕಡಿಮೆಯಾಯಿತು. ಬಂದರೂ ಅಜ್ಜಿ, ಇಲ್ಲವೇ ಪತ್ತೇದಾರಿ ಧಾರಾವಾಹಿಯ ಹೆಣ. “ಹೆಣಾ ಆಗೂದು ಛಲೋ, ಮಾತ ಇರಂಗಿಲ್ಲ,” ಎಂದು ನಕ್ಕಳು. ಹೇಳಿದ್ದು ಇಂಗ್ಲಿಷಿನಲ್ಲೇ. ನಾನು ಕನ್ನಡಕ್ಕೆ ತಂದರೆ ಅವಳ ಮಾತು ನನ್ನೂರಿನದೇ ಆಗಿಬಿಡುತ್ತದೆ, ಅದಕ್ಕೆ ನಾನೇನು ಮಾಡಲಿ.

ಶೂಟಿಂಗ್ ಹ್ಯೂಸ್ಟನ್ನಿನಲ್ಲಿ. ಮುಚ್ಚಿಹೋದ ಒಂದು ನರ್ಸಿಂಗ್ ಹೋಮನ್ನು ಬಾಡಿಗೆಗೆ ಹಿಡಿದಿದ್ದರು. ಕೊನೆಯ ಮಾತಿನ ದಿನ ನಾನು ಇರಲೇಬೇಕು ಎಂದು ಆಕೆ ಹಟ ಹಿಡಿದಳು. ಬೆಳಗ್ಗೆ ಬೇಗ ಹೊರಟು ಹೋದೆ. ಬಾಗಿಲಲ್ಲಿ ಯೂನಿಫಾರಂ ಹಾಕಿದ ಸೆಕ್ಯೂರಿಟಿಯವನು ತಡೆದ. ಸೊಂಟದಲ್ಲಿ ಪಿಸ್ತೂಲು.

“ಇಲ್ಲಿ ಕೆಲಸ ಮಾಡ್ತೀರಾ ಮ್ಯಾಮ್?”

ಮಾಮೂಲಿ ಪ್ರಶ್ನೆ. ಅವನ ಮುಖದಲ್ಲಿ ನಗು ಕೂಡ ಇತ್ತು. ಆದರೂ ನಾನು “ಇಲ್ಲ, ಇಲ್ಲ, ನಾನು ಯಾರೂ ಅಲ್ಲ,” ಎಂದು ಇಂಗ್ಲಿಷಿನಲ್ಲಿ ತೊದಲಿ, ತಿರುಗಿ, ಪಾರ್ಕಿಂಗ್ ಕಡೆ ಹೆಚ್ಚುಕಡಿಮೆ ಓಡಿದೆ. ಕಾರಿನ ಪಕ್ಕ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಗದಗಿನಲ್ಲಿ ಮಲಗುವ ಹೊತ್ತು. ಅಮ್ಮನ ದನಿ ಕೇಳಿದ್ದೇ ತಡ, ಶುದ್ಧ ಕನ್ನಡವೆಲ್ಲ ಗಾಳಿಗೆ ಹೋಯಿತು.

“ಯವ್ವಾ, ನಂಗ ಭಾಳ ಅಂಜಿಕಿ ಆಗಾಕತ್ತೈತಿ. ಯಾರರ ಬಂದು ಬಾಗಲಾ ಬಡದ್ರ ಜೀವಾನ ಹಾರತೈತಿ. ನಮ್ಮನ್ನ ಕಳಿಸಿಬಿಟ್ರ ಏನ್ ಮಾಡೂದು? ಕಳಸಬ್ಯಾಡ್ರಿ ಅಂದ್ರ ಯಾರ ಕೇಳ್ತಾರ? ನನ್ನ ಸಲುವಾಗಿ ಅವರದೂ ಹೋಗ್ತೈತಿ.”

ಅಮ್ಮ ಏನು ಹೇಳಿದಳೋ ನೆನಪಿಲ್ಲ. ಫೋನ್ ಇಟ್ಟು ತಿರುಗಿದರೆ ಹಿಂದೆ ಆಕೆ ನಿಂತಿದ್ದಳು. ಪಾರ್ಟಿನ ನೈಟ್‌ಗೌನು, ಮೇಲೆ ಯಾರದೋ ಕೋಟು, ಕೈಯಲ್ಲಿ ಚಹಾದ ಕಪ್ಪು. ಕಿಟಕಿಯಿಂದ ನಾನು ಓಡಿದ್ದನ್ನು ನೋಡಿ ಬಂದಿದ್ದಳು.

“ಈಗ ಅಂದ್ಯಲ್ಲ, ಅದೇನು?”

“ಏನಿಲ್ಲ, ಅಮ್ಮನ ಜೊತೆ ಮಾತು.”

“ಭಯ ಅನ್ನಲಿಲ್ಲ ನೀನು. ಬೇರೇನೋ ಅಂದಿ.”

“ಅಂಜಿಕಿ ಅಂದೆ. ಅರ್ಥ ಒಂದೇ. ಆದ್ರೆ ಅದು ಸರಿಯಾದ ಕನ್ನಡ ಅಲ್ಲ, ನಮ್ಮ ಊರ ಕಡೆಯದು.”

ಆಕೆಯ ಕೈ ಗಂಟಲಿಗೆ ಹೋಯಿತು. ನಾಟಕ ಶಾಲೆಯ ಮಾತನ್ನು ಆಗ ಹೇಳಿದಳು. ಸೇರಿದ ಹೊಸದರಲ್ಲಿ ಮೇಷ್ಟ್ರು ಆಕೆಯನ್ನು ಎಲ್ಲರೆದುರು ನಿಲ್ಲಿಸಿ ಓದಿಸಿದರಂತೆ. ಓದಿದ ಮೇಲೆ, ಈ ಬಾಯಿಟ್ಟುಕೊಂಡರೆ ನಿನಗೆ ಜನ್ಮವಿಡೀ ಮನೆಗೆಲಸದವಳ ಪಾರ್ಟೇ ಎಂದರಂತೆ. ಎಲ್ಲರೂ ನಕ್ಕರು. ಆಕೆ ಊರಿನ ಮಾತನ್ನು ನುಂಗಿಕೊಂಡಳು. ನಾಲ್ಕು ದಶಕ ಕ್ಯಾಮೆರಾದ ಮುಂದೆ ನಿಂತಾಗೆಲ್ಲ, ಒಂದು ಶಬ್ದ ಜಾರಿದರೂ ಯಾರೋ ಎದ್ದು ನಿಂತು ಇವಳು ಸುಳ್ಳಿ ಎಂದುಬಿಡುತ್ತಾರೆ ಎಂಬ ಹೆದರಿಕೆ. ಪ್ರತಿ ಶಾಟಿಗೂ ಮುಂಚೆ ವಾಂತಿಯಾಗುತ್ತಿತ್ತಂತೆ, ಇವತ್ತೂ ಆಗಿದೆ ಎಂದಳು. ತಾಯಿ ಒಂದೇ ಒಂದು ಸಲ ಲಂಡನ್ನಿಗೆ ಬಂದು ಅವಳ ನಾಟಕ ನೋಡಿದ್ದಳು. “ಚಂದ ಮಾತಾಡಿದಿ. ಆದ್ರ ಈಕಿ ಯಾರು ಅನ್ನಿಸ್ತು,” ಎಂದಿದ್ದಳಂತೆ.

ನಾನು ನನ್ನ ಕಥೆ ಹೇಳಿದೆ. ವೀಸಾ, ಅಂಕಲ್, ಮನೆಗೆಲಸದವಳ ಪಾರ್ಟು, ಎಲ್ಲ. ಆಕೆ ಸಿನಿಮಾದ ಕೊನೆಯಲ್ಲಿ ನನ್ನ ಹೆಸರು ಹಾಕಿಸುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದಳು. ಕೈ ಹಿಡಿದುಕೊಂಡು ಬೇಡಿಕೊಂಡೆ, ಬೇಡ, ಹೆಸರು ಹಾಕಿಸಬೇಡಿ, ಯಾರು ಕಲಿಸಿದರು ಎಂದು ಯಾರು ಕೇಳಿದರೂ ಹೇಳಬೇಡಿ. ಆಕೆ ಆಗಲಿ ಎಂದಳು. ಚಹಾದ ಕಪ್ಪನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನನಗೆ ಆ ಬಾಗಿಲು ದಾಟುವ ಧೈರ್ಯ ಬರಲಿಲ್ಲ. ಮಗಳು ಸ್ಕೂಲಿನಿಂದ ಬರುವಷ್ಟರಲ್ಲಿ ರೌಂಡ್ ರಾಕಿಗೆ ವಾಪಸಾದೆ.

ಒಂದು ವರ್ಷದ ಮೇಲಾಗಿರಬೇಕು, ಡಾಲಸ್ ಕಡೆಯಿಂದ ಅಂಕಲ್ ಫೋನು. ಅಲ್ಲೇ ಹತ್ತಿರದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಒಂದು ಸಣ್ಣ ಥಿಯೇಟರು, ಮಧ್ಯಾಹ್ನದ ಶೋ, ಇಂಗ್ಲಿಷ್ ಸಿನಿಮಾದಲ್ಲಿ ಕನ್ನಡ ಇದೆಯಂತೆ, ನಟಿಯೂ ಬರ್ತಾರಂತೆ, ಎಲ್ಲರೂ ಬನ್ನಿ. ಹೋಗುವುದು ಬೇಡ ಎಂದೆ. “ಎಲ್ಲಾ ಕಾರ್ಯಕ್ರಮಕ್ಕೂ ಹೋಗೋರು ಇದಕ್ಕೆ ಮಾತ್ರ ಹೋಗ್ದಿದ್ರೆ ಡೌಟ್ ಬರತ್ತೆ,” ಎಂದರು ಮನೆಯವರು. ಹಿಂದಿನ ಸಾಲಿನಲ್ಲಿ, ಎಕ್ಸಿಟ್ ಬಾಗಿಲ ಪಕ್ಕ ಕೂತೆವು. ಮಗಳು ನಡುವೆ, ಪಾಪ್‌ಕಾರ್ನ್ ಹಿಡಿದು.

ಸಿನಿಮಾದುದ್ದಕ್ಕೂ ನಾನು ಕಥೆ ನೋಡಲಿಲ್ಲ, ಆಕೆಯ ಬಾಯಿ ನೋಡುತ್ತ ಕೂತೆ. ಎಲ್ಲ ನಾನು ಕಲಿಸಿದ ಶುದ್ಧ ಕನ್ನಡ, ಯಾರದೂ ಅಲ್ಲದ ಕನ್ನಡ. ಸದ್ಯ ಎಂದುಕೊಂಡೆ. ಕೊನೆಯ ದೃಶ್ಯ ಬಂತು. ನರ್ಸಿಂಗ್ ಹೋಮಿನ ಹಾಸಿಗೆ. ಮುದುಕಿ ಮಗಳ ತೋಳು ಹಿಡಿದಳು.

“ನಂಗ ಭಾಳ ಅಂಜಿಕಿ ಆಗಾಕತ್ತೈತಿ. ನನ್ನ ಕಳಸಬ್ಯಾಡ್ರಿ.”

ಮಾತಷ್ಟೇ ಅಲ್ಲ, ದನಿಯೂ ನನ್ನದೇ. ‘ಭಾಳ’ ಎನ್ನುವಾಗ ನನಗೆ ಉಸಿರು ಸಿಕ್ಕಿಕೊಳ್ಳುತ್ತದಲ್ಲ, ಅದು ಕೂಡ ಅಲ್ಲಿತ್ತು. ಕತ್ತಲಲ್ಲಿ ಮಗಳು ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, “ಅಮ್ಮಾ, ದಟ್ಸ್ ಯು,” ಎಂದಳು. ನಾನು ಅವಳ ಬಾಯಿ ಮುಚ್ಚಿದೆ. ಸುತ್ತ ಕೆಲವರು ಮೂಗು ಒರೆಸಿಕೊಳ್ಳುತ್ತಿದ್ದರು.

ಲೈಟ್ ಬಂತು. ಹೆಸರುಗಳ ಸಾಲಿನಲ್ಲಿ ನನ್ನದಿರಲಿಲ್ಲ, ಆಕೆ ಮಾತು ಉಳಿಸಿಕೊಂಡಿದ್ದಳು. ಮುಂದೆ ಒಂದು ಕುರ್ಚಿಯಲ್ಲಿ ಕೂತು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಳು. ಯಾರೋ ಕೇಳಿಯೇಬಿಟ್ಟರು, ನಿಮಗೆ ಕನ್ನಡ ಕಲಿಸಿದ್ದು ಯಾರು? ಆಕೆಯ ಕಣ್ಣು ಒಂದು ಕ್ಷಣ ಹಿಂದಿನ ಸಾಲಿಗೆ ಬಂತು. “ಕೇಳಿಸಿಕೊಂಡು ಕಲಿತೆ,” ಎಂದಳು. ನನ್ನ ಉಸಿರು ಇಳಿಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅಂಕಲ್ ಎದ್ದು ನಿಂತರು. ತುಂಬ ನಯವಾಗಿಯೇ ಇಂಗ್ಲಿಷಿನಲ್ಲಿ ಹೇಳಿದರು, ಅಭಿನಯ ಅದ್ಭುತ, ಆದರೆ ಆ ಕೊನೆಯ ಮಾತು ತಪ್ಪು, ಅದು ಸರಿಯಾದ ಕನ್ನಡವಲ್ಲ, ಯಾರು ಹೇಳಿಕೊಟ್ಟರೋ ತಪ್ಪು ಹೇಳಿಕೊಟ್ಟಿದ್ದಾರೆ. ಅಲ್ಲಲ್ಲಿ ಸಣ್ಣಗೆ ನಗು ಕೇಳಿತು.

ಆಕೆಯ ಮುಖದ ರಕ್ತ ಇಳಿದುಹೋಯಿತು. ಕೈ ಗಂಟಲಿಗೆ ಹೋಯಿತು, ಅಲ್ಲೇ ಉಳಿಯಿತು. ಜನ್ಮವಿಡೀ ಯಾವುದಕ್ಕೆ ಹೆದರಿದ್ದಳೋ ಅದು ಈ ಊರಿನಲ್ಲಿ, ನಮ್ಮವರ ಬಾಯಿಂದ ಬಂದಿತ್ತು. ಒಂದು ಹೆಸರು ಹೇಳಿದ್ದರೆ ಆಕೆ ಪಾರಾಗುತ್ತಿದ್ದಳು. ಹೇಳಲಿಲ್ಲ.

ನಾನು ಎದ್ದಿದ್ದು ನನಗೆ ಗೊತ್ತಾಗಲಿಲ್ಲ. ಮನೆಯವರು ಸೆರಗು ಹಿಡಿದು ಎಳೆದದ್ದು ಮಾತ್ರ ಗೊತ್ತಾಯಿತು.

“ತಪ್ಪು ಏನಿಲ್ಲರಿ ಅಂಕಲ್. ನಮ್ಮೂರಾಗ ಹಿಂಗ ಅಂತೀವಿ. ಅಂಜಿಕಿ ಅಂದ್ರ ಅಂಜಿಕಿನ. ನಾನ ಕಲಿಸೀನಿ.”

ಥಿಯೇಟರ್ ತುಂಬ ನನ್ನ ಕಡೆ ತಿರುಗಿದ ಮುಖಗಳು. ಆಡಿದ ಮೇಲೆ ಏನು ಆಡಿದೆ ಎಂದು ಗೊತ್ತಾಗಿ ಕೂತುಬಿಟ್ಟೆ. ಮುಂದೆ ಆಕೆ ಗಂಟಲಿನಿಂದ ಕೈ ತೆಗೆದಳು. “ಹೌದ್ರಿ,” ಎಂದಳು.

ಲಾಬಿಯಲ್ಲಿ ಸಮೋಸ ಕೊಡುತ್ತಿದ್ದರು. ನಾನು ಮಗಳ ಕೈ ಹಿಡಿದು ಬಾಗಿಲ ಕಡೆ ನುಗ್ಗುತ್ತಿದ್ದಾಗ ಅಂಕಲ್ ಅಡ್ಡ ಬಂದರು. ಇದೇ ಕೊನೆ ಎಂದುಕೊಂಡೆ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ, “ನನಗೆ ಇತ್ತೀಚೆಗೆ ಕಿವಿ ಸ್ವಲ್ಪ ಮಂದ ಆಗಿದೆಯಮ್ಮ. ನೀವೇನೋ ಅಂದ್ರಿ, ನಂಗೆ ಸರಿಯಾಗಿ ಕೇಳಿಸಲಿಲ್ಲ. ಇಲ್ಲಿ ಯಾರಿಗೂ ಕೇಳಿಸಿಲ್ಲ, ಅದನ್ನ ನಾನು ನೋಡ್ಕೋತೀನಿ,” ಎಂದರು. ಆಮೇಲೆ ಮಗಳ ಕೈಗೆ ಒಂದು ಸಮೋಸ ಕೊಟ್ಟು ಹೋದರು. ತಪ್ಪು ಎಂದ ಮಾತನ್ನು ಮಾತ್ರ ವಾಪಸ್ ತಗೊಳ್ಳಲಿಲ್ಲ, ಮಹಾನುಭಾವ.

ವೀಸಾದವರು ಯಾರೂ ಮನೆಗೆ ಬರಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ, ಓದುವವರಿಗೆ ನನ್ನ ಅಂಜಿಕಿ ಬೇಡ. ಗ್ರೀನ್ ಕಾರ್ಡು ಬರುವುದಕ್ಕೆ ಇನ್ನೂ ವರ್ಷಗಳು ಹಿಡಿದವು. ಅಷ್ಟೂ ವರ್ಷ ಬೆಲ್ ಹೊಡೆದಾಗಲೆಲ್ಲ ನಾನು ಕಿಟಕಿಗೆ ಓಡಿದೆ. ಆದರೆ ಅವತ್ತು ಸಂಜೆ ಅದೇನೂ ಗೊತ್ತಿರಲಿಲ್ಲ. ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದೆವು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಮನೆಯವರು ಓಡಿಸುತ್ತಿದ್ದರು. ಬೈಯಲಿ ಎಂದು ಕಾಯುತ್ತಿದ್ದೆ. ಅರ್ಧ ದಾರಿಯ ವೇಕೋ ಊರು ದಾಟಿತು.

“ಅಂಜಿಕಿ ಆಗ್ತಿದೆಯಾ?” ಎಂದರು.

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಶಬ್ದ ಕೇಳಿರಲಿಲ್ಲ. ಅವರ ಮನೆಯಲ್ಲೂ ಅದನ್ನು ಆಡಿದರೆ ನಗುತ್ತಿದ್ದರು.

“ಹೂಂರಿ,” ಎಂದೆ. “ಭಾಳ.”

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ನಂಗೂ ಕಣೇ,” ಎಂದರು. “ನಂಗೂ ಅಂಜಿಕಿ.”